ಬ್ಯಾಡಗಿಯ ಬ್ಯಾಸಗಿಗೊಂದು ಚೌಕಳಿ ಸ್ವೆಟರ್

ನಾನು ಸ್ವೆಟರ್ ಹೆಣೆಯಲು ಕಲಿತದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ, ಅದೂ ಗುಟ್ಕಾ ಬಿಡಲಿಕ್ಕೆ.

ಆಗ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮಷಿನ್ ಆಪರೇಟರ್ ಆಗಿದ್ದೆ. ಮನೆ ರಾಣೆಬೆನ್ನೂರಿನಲ್ಲಿ. ಬೆಳಗಿನ ಪ್ಯಾಸೆಂಜರ್ ಹಿಡಿದು ಹೋಗುತ್ತಿದ್ದೆ, ಸಂಜೆಯ ಗಾಡಿಗೆ ವಾಪಸು ಬರುತ್ತಿದ್ದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಮಾರ್ಕೆಟ್ ಯಾರ್ಡಿಗೆ ಬಂದು, ಆಗಲೇ ಮಾರಾಟವಾಗದ ಚೀಲಗಳೆಲ್ಲ ನಮ್ಮ ಚೇಂಬರುಗಳಲ್ಲಿ ಬಂದು ಕೂಡುತ್ತಿದ್ದವು. ತಂಪಿನಲ್ಲಿ ಇಟ್ಟರೆ ಬಣ್ಣ ಹೋಗುವುದಿಲ್ಲ. ಬ್ಯಾಡಗಿ ಕಾಯಿಗೆ ಬಣ್ಣವೇ ಬೆಲೆ. ಹೊರಗೆ ಬೇಸಿಗೆಯಲ್ಲಿ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ದಪ್ಪ ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಉಸಿರು ಹೊಗೆಯಾಗಿ ಕಾಣುತ್ತಿತ್ತು. ದಿನಕ್ಕೆ ಏಳೆಂಟು ಸಲ ನಾನು ಒಳಗೆ ಹೋಗಬೇಕು. ಥರ್ಮಾಮೀಟರ್ ನೋಡಬೇಕು, ಪೈಪಿನ ಮೇಲೆ ಹಿಮ ಎಷ್ಟು ಕಟ್ಟಿದೆ ನೋಡಬೇಕು, ಬರೆದಿಡಬೇಕು. ಇದಕ್ಕೆಂದು ಬಾಗಿಲ ಪಕ್ಕದ ಮೊಳೆಗೆ ಒಂದು ಹತ್ತಿ ತುಂಬಿದ ಕೋಟು ತೂಗುಹಾಕಿದ್ದರು. ಮೂರು ಪಾಳಿಯವರಿಗೂ ಅದೊಂದೇ. ಅದನ್ನು ಯಾರೂ ಒಗೆದದ್ದು ನಾನು ಕಾಣೆ. ಹಾಕಿಕೊಂಡರೆ ಮೊದಲು ಸೀನು, ಆಮೇಲೆ ಬೇರೆಯವರ ಬೆವರಿನ ವಾಸನೆ.

ಯಂತ್ರ ಸರಿಯಾಗಿ ನಡೆದರೆ ಆಪರೇಟರಿಗೆ ಕೆಲಸವಿಲ್ಲ. ತಾಸಿಗೊಮ್ಮೆ ಮೀಟರ್ ನೋಡುವುದು, ಎಣ್ಣೆ ನೋಡುವುದು. ಉಳಿದ ಹೊತ್ತಿಗೆಲ್ಲ ಗುಟ್ಕಾ. ದಿನಕ್ಕೆ ಎಷ್ಟು ಪಾಕೀಟು ಹರಿಯುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಜೇಬಿನಲ್ಲಿ ಪಾಕೀಟುಗಳ ಸರ ಇರುತ್ತಿತ್ತು, ಕೈ ತಾನಾಗಿಯೇ ಹೋಗುತ್ತಿತ್ತು.

ಒಂದು ಮಳೆಗಾಲದಲ್ಲಿ ಖಾರದ ಪದಾರ್ಥ ಬಾಯಿಗಿಟ್ಟರೆ ಉರಿಯತೊಡಗಿತು. ಮೆಣಸಿನಕಾಯಿಯ ಊರಲ್ಲಿ ದುಡಿಯುವವನಿಗೆ ರೊಟ್ಟಿಯ ಜೊತೆ ಚಟ್ನಿ ತಿನ್ನಲು ಆಗದೆ ಹೋಯಿತು. ಹೆಂಡತಿ ಬಲವಂತ ಮಾಡಿ ಹಾವೇರಿಯ ಹಲ್ಲಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಅವರು ಬಾಯಿ ತೆರೆಯಿರಿ ಎಂದರು. ತೆರೆದೆ.

"ಇನ್ನೂ ತೆಗೀರಿ."

"ಇಷ್ಟ ಬರತೈತ್ರಿ," ಎಂದೆ.

"ನಿಮ್ಮ ಮೂರು ಬೆರಳು ಕೂಡಿಸಿ, ಒಂದರ ಕೆಳಗ ಒಂದ ಬರೂ ಹಂಗ ಬಾಯಾಗ ಇಟ್ಟ ನೋಡ್ರಿ."

ಎರಡು ಹೋದವು. ಮೂರನೆಯದು ಹಲ್ಲಿಗೆ ತಾಗಿ ನಿಂತಿತು. ಎಷ್ಟು ಒತ್ತಿದರೂ ಹೋಗಲಿಲ್ಲ. ನನ್ನ ಹೆಂಡತಿ ಪಕ್ಕದಲ್ಲಿ ಕುಳಿತು ತನ್ನ ಮೂರು ಬೆರಳು ತಾನೇ ಇಟ್ಟು ನೋಡಿಕೊಂಡಳು. ಅವಳಿಗೆ ಸಲೀಸಾಗಿ ಹೋದವು. ಅವಳ ಮುಖ ಸಣ್ಣದಾಯಿತು.

"ಒಳಗ ಗಲ್ಲ ಬಿಗಿಯಾಕತ್ತಾವು," ಎಂದರು ಡಾಕ್ಟರು. "ಹಿಂಗ ಬಿಟ್ರ ಮುಂದ ತುತ್ತು ಇಡಾಕೂ ಆಗಂಗಿಲ್ಲ. ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಇವತ್ತ ಬಿಡ್ರಿ. ನಾಳಿಂದ ಅನಬ್ಯಾಡ್ರಿ."

ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಜೇಬಿನ ಸರ ತೆಗೆದು ಹೆಂಡತಿಯ ಕೈಗೆ ಕೊಟ್ಟೆ. ಅವಳು ಅದನ್ನು ಗಟಾರಕ್ಕೆ ಹಾಕಿದಳು. ಬಿಡುತ್ತೇನೆ ಎಂದು ಅವಳಿಗೆ ನಾನು ಆಣೆ ಮಾಡಲಿಲ್ಲ. ಮುಂಚೆ ಮಾಡಿದ ಆಣೆಗಳು ಏನಾದವೆಂದು ಇಬ್ಬರಿಗೂ ಗೊತ್ತಿತ್ತು. ಸುಮ್ಮನೆ ಬಿಟ್ಟೆ.

ಬಾಯಿ ಹೇಗೋ ತಡೆಯಿತು, ಕೈ ತಡೆಯಲಿಲ್ಲ. ಬಡೇಸೋಪು ಇಟ್ಟುಕೊಂಡೆ, ಏಲಕ್ಕಿ ಇಟ್ಟುಕೊಂಡೆ. ಅವು ಬಾಯಿಯ ಪದಾರ್ಥ, ಕೈಯ ಕೆಲಸವಲ್ಲ. ಪಾಕೀಟು ಹರಿಯುವುದು, ಅಂಗೈಗೆ ಸುರಿಯುವುದು, ತಿಕ್ಕುವುದು, ಇವಿಲ್ಲದೆ ಬೆರಳುಗಳು ಹುಚ್ಚು ಹಿಡಿದ ಹಾಗೆ ಮೊಣಕಾಲ ಮೇಲೆ ಬಡಿಯುತ್ತಿದ್ದವು. ಎರಡು ತಿಂಗಳು ಹೀಗೆ ನಡೆಯಿತು. ಹೆಂಡತಿ ಹಲಗೇರಿಯವಳು, ಸೀಸನ್ನಿನಲ್ಲಿ ಬೀಜದ ಕಂಪನಿಯವರ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಹೂವಿನ ಗಂಡುಭಾಗ ಚಿಮಟಿಗೆಯಲ್ಲಿ ತೆಗೆದು, ಇನ್ನೊಂದು ಹೂವಿನ ಪರಾಗ ಸವರಿ, ಗುರುತಿಗೆ ದಾರ ಕಟ್ಟುವ ನಾಜೂಕು ಕೆಲಸ. ನನ್ನ ಬೆರಳು ನೋಡಿ ಅವಳೇ ಹೇಳಿದಳು:

"ಅವಕ್ಕ ಏನರ ಕೆಲಸಾ ಕೊಡ್ರಿ. ಖಾಲಿ ಕೈ ಇದ್ರ ಮತ್ತ ಅಲ್ಲೇ ಹೊಕ್ಕಾವು."

ದೀಪಾವಳಿ ಮುಗಿದ ಮೇಲೆ ಮುಂಡಗೋಡದ ಟಿಬೆಟಿಯನ್ನರು ಬಂದು ರಾಣೆಬೆನ್ನೂರಿನ ರಸ್ತೆ ಬದಿಯಲ್ಲಿ ಸ್ವೆಟರ್ ಅಂಗಡಿ ಹಾಕುವುದು ಪ್ರತಿ ವರ್ಷದ ರೂಢಿ. ಬಿದಿರು ಕಟ್ಟಿ, ಹಗ್ಗ ಎಳೆದು, ಸಾಲು ಸಾಲು ಸ್ವೆಟರ್ ನೇತುಹಾಕುತ್ತಾರೆ. ಆ ಕೋಟಿನ ಗೊಡವೆ ಬೇಡ, ನನಗೊಂದು ಸ್ವಂತ ಸ್ವೆಟರ್ ಇರಲಿ ಎಂದು ಒಂದು ರವಿವಾರ ಇಬ್ಬರೂ ಹೋದೆವು. ಕೊನೆಯ ಅಂಗಡಿಯಲ್ಲಿ ಸುಮಾರು ನನ್ನ ವಾರಿಗೆಯ ಹೆಣ್ಣುಮಗಳೊಬ್ಬಳು ಕುರ್ಚಿಯ ಮೇಲೆ ಕುಳಿತು ಹೆಣೆಯುತ್ತಿದ್ದಳು. ಅವಳ ಕುರ್ಚಿಯ ಬೆನ್ನಿಗೆ ಒಂದು ಗಂಡಸರ ಸ್ವೆಟರ್ ಇತ್ತು. ಕೆಂಪು ನೆಲ. ಅದರ ಮೇಲೆ ಕಡುಹಸಿರಿನ ಅಗಲ ಪಟ್ಟಿ, ಅದರ ಪಕ್ಕ ನೀಲಿ, ನಡುನಡುವೆ ಎಳೆಯಷ್ಟೇ ತೆಳ್ಳಗಿನ ಹಳದಿ. ಅಡ್ಡಕ್ಕೂ ಅವೇ, ಉದ್ದಕ್ಕೂ ಅವೇ. ಒಂದರ ಮೇಲೊಂದು ಹಾಯ್ದು ಚೌಕಳಿ ಬಿದ್ದಿದ್ದವು.

ಚೌಕಳಿ ನನಗೆ ಹೊಸದಲ್ಲ. ಲುಂಗಿ ಚೌಕಳಿ, ಟವೆಲ್ ಚೌಕಳಿ, ನನ್ನ ಅವ್ವನ ಇಳಕಲ್ಲ ಸೀರೆಯ ಒಡಲೂ ಚೌಕಳಿ. ಆದರೆ ಇದು ಹಾಗಿರಲಿಲ್ಲ. ಎಷ್ಟು ಹೊತ್ತು ನೋಡಿದರೂ ಕಣ್ಣು ಒಂದು ಗೆರೆ ಹಿಡಿದು ಹೋಗಿ ಇನ್ನೊಂದರಲ್ಲಿ ಸಿಗುತ್ತಿತ್ತು.

"ಅದ ಕೊಡ್ರಿ ಅಕ್ಕಾರ," ಎಂದೆ.

"ಅದ ಮಾರಾಕಲ್ಲ ಅಣ್ಣಾ. ನಮ್ಮನಿಯವರದು," ಎಂದಳು. ಮುಂಡಗೋಡದಲ್ಲೇ ಹುಟ್ಟಿ ಬೆಳೆದವಳು, ಮಾತು ನಮ್ಮಂತೆಯೇ ಇತ್ತು. "ನಾನ ಹೆಣದದ್ದು. ಬ್ಯಾರೆ ಬೇಕಾದಷ್ಟ ಅದಾವು, ನೋಡ್ರಿ."

ಬೇರೆ ನೋಡಿದೆ. ಯಾವುದೂ ಮನಸ್ಸಿಗೆ ಬರಲಿಲ್ಲ. ಮತ್ತೆ ಅದನ್ನೇ ಕೇಳಿದೆ. ಅವಳು ನಕ್ಕಳು. ಇದಕ್ಕೆ ಟಾರ್ಟನ್ ಅನ್ನುತ್ತಾರೆ, ಮೊನಾಸ್ಟರಿ ನೋಡಲು ಬಂದಿದ್ದ ಸ್ಕಾಟ್‌ಲೆಂಡಿನ ಅಜ್ಜಿಯೊಬ್ಬಳು ಪುಸ್ತಕದ ಹಾಳೆ ಕೊಟ್ಟು ಹೋಗಿದ್ದಳು, ಅದನ್ನು ನೋಡಿ ಹೆಣೆದೆ ಎಂದಳು.

"ಅವರ ಊರಾಗ ಒಂದೊಂದ ಮನೆತನಕ್ಕ ಒಂದೊಂದ ಚೌಕಳಿ ಇರತೈತಂತ. ಬಟ್ಟಿ ನೋಡಿದ್ರ ಇವ ಯಾರ ಪೈಕಿ ಅಂತ ತಿಳೀತೈತಂತ."

"ಅಂದ್ರ ನಮ್ಮ ಕಡೆ ಮನೆತನಕ್ಕೊಂದ ಬೆಡಗು, ಗೋತ್ರ ಇದ್ದಂಗ," ಎಂದಳು ನನ್ನ ಹೆಂಡತಿ.

"ಹೂನ್ರಿ, ಹಂಗ. ಅಣ್ಣಾಗ ಅಷ್ಟ ಮನಸಾಗಿದ್ರ ತಾನ ಹೆಣಕೊಳ್ಳಲಿ. ಕಡ್ಡಿ ನಾ ಕೊಡತೇನಿ."

ಅವಳು ಚೇಷ್ಟೆಗೆ ಅಂದದ್ದು. ಆದರೆ ಆ ಮಾತಿನ ತುಂಬ ನಾನು ಅವಳ ಕೈ ನೋಡುತ್ತಿದ್ದೆ. ನಮ್ಮ ಕಡೆ ನೋಡುತ್ತ, ಮಾತಾಡುತ್ತ, ನಗುತ್ತ ಇದ್ದರೂ ಬೆರಳು ಒಂದು ಕ್ಷಣ ನಿಂತಿರಲಿಲ್ಲ.

"ಖರೇನ ಕಲಸ್ತೀರೇನು?" ಎಂದು ಕೇಳಿದೆ.

ನಗು ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ನನ್ನ ಹೆಂಡತಿಯ ಮುಖ ನೋಡಿದಳು. ಹೆಂಡತಿ, "ಕಲಸ್ರಿ ಅಕ್ಕಾರ. ನಂಗ ಬರಂಗಿಲ್ಲ, ಇಲ್ಲಂದ್ರ ನಾನ ಕಲಸ್ತಿದ್ದೆ," ಎಂದಳು.

ನಾಲ್ಕು ರವಿವಾರ ಅವಳ ಅಂಗಡಿಯ ಹಿಂದೆ, ಖಾಲಿ ಪೆಟ್ಟಿಗೆಯ ಮೇಲೆ ಕುಳಿತು ಕಲಿತೆ. ಕಡ್ಡಿಗೆ ಕುಣಿಕೆ ಏರಿಸುವುದು, ಸೀದಾ ಹೆಣೆಯುವುದು, ಉಲ್ಟಾ ಹೆಣೆಯುವುದು, ಕೊನೆಗೆ ಮುಚ್ಚುವುದು. ಅಷ್ಟೇ ಇರುವುದು. ಆದರೆ ಆ ಅಷ್ಟಕ್ಕೇ ನನ್ನ ಸ್ಪ್ಯಾನರ್ ಹಿಡಿದ ಕೈ ಒಗ್ಗಲಿಲ್ಲ. ಎಳೆಯನ್ನು ಬೋಲ್ಟ್ ಬಿಗಿದ ಹಾಗೆ ಬಿಗಿಯುತ್ತಿದ್ದೆ. "ಅಣ್ಣಾ, ಉಲನ್ನಿಗೆ ಉಸರಾಡಾಕ ಬಿಡ್ರಿ," ಎನ್ನುತ್ತಿದ್ದಳು. ನಾಲ್ಕನೆಯ ವಾರ ಅಂಗೈ ಅಗಲದ ಒಂದು ತುಂಡು ಸಮನಾಗಿ ಬಂತು. ಮೊದಲು ಒಂದು ಮಫ್ಲರ್ ಹೆಣೆಯಿರಿ ಎಂದಳು. ನಾನು ಒಪ್ಪಲಿಲ್ಲ. ಹೆಣೆದರೆ ಚೌಕಳಿ ಸ್ವೆಟರ್, ಇಲ್ಲದಿದ್ದರೆ ಏನೂ ಬೇಡ ಎಂದೆ. ಚೌಕಳಿ ಹೇಗೆ ಎಂದು ಕೇಳಲಿಲ್ಲ. ನೋಡಿದ್ದೇನಲ್ಲ, ಹೆಣೆದೇನು ಎಂಬ ಗರ್ವ.

ರಾಣೆಬೆನ್ನೂರಿನ ಅಂಗಡಿಗಳಲ್ಲಿ ಕೂಸುಗಳ ಟೊಪ್ಪಿಗೆಗೆ ಆಗುವ ಬಣ್ಣಗಳು ಮಾತ್ರ ಇದ್ದವು. ಹಾವೇರಿಯಲ್ಲಿ ಒಂದು ಅಂಗಡಿಯಲ್ಲಿ ನಾಲ್ಕೂ ಸಿಕ್ಕವು. ಅಂಗಡಿಯವನು, "ಮನ್ಯಾಗ ಹೆಣ್ಣಮಕ್ಕಳು ಹೆಣೀತಾರೇನ್ರಿ?" ಎಂದ. "ನಾನ ಹೆಣಿಯೂದು," ಎಂದೆ. ಅವನು ನಾಲ್ಕೂ ಬಣ್ಣ ಕಟ್ಟಿಕೊಟ್ಟ. ಆ ಮಾತು ಹೇಳುವುದು ಅಷ್ಟು ಸುಲಭವೆಂದು ನನಗೆ ಆ ದಿನ ಗೊತ್ತಾಯಿತು. ಮುಂದೆ ಯಾರು ಕೇಳಿದರೂ ಹಾಗೇ ಹೇಳಿದೆ.

ಮೊದಲ ದಿನ ಮಷಿನ್ ರೂಮಿಗೆ ಒಯ್ದೆ. ನನಗೆ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್ ಇದ್ದರು, ಕಾಕಾ ಎನ್ನುತ್ತಿದ್ದೆ. ಅವರು ಚೀಲದಿಂದ ಹೊರಬಂದ ಉಲನ್ ನೋಡಿ ಒಂದೇ ಸಲ ಚೀರಿದರು.

"ಲೇ! ತಿರಗೂ ಬೆಲ್ಟಿನ ಬಾಜೂಕ ದಾರ ತರತೀಯೇನ? ಒಂದ ಎಳಿ ಸಿಕ್ಕರ ನಿನ್ನ ಕೈನೂ ಎಳಕೊಂಡ ಹೊಕ್ಕೈತಿ. ನಡಿ ಹೊರಗ!"

ಅವರು ಹೇಳಿದ್ದು ಸರಿ. ಆಪರೇಟರಾಗಿ ಅದು ನನಗೇ ಹೊಳೆಯಬೇಕಿತ್ತು. ಅಂದಿನಿಂದ ಮಷಿನ್ ರೂಮಿನಲ್ಲಿ ಕಡ್ಡಿ ಹಿಡಿಯಲಿಲ್ಲ. ಊಟದ ಬಿಡುವಿನಲ್ಲಿ ಗೇಟಿನ ಹತ್ತಿರ, ಬೆಳಿಗ್ಗೆ ಸಂಜೆ ರೈಲಿನಲ್ಲಿ. ಹೆಣಿಕೆಯ ಬಹುಪಾಲು ರೈಲಿನಲ್ಲೇ ಆದದ್ದು.

ಆ ಪ್ಯಾಸೆಂಜರಿನಲ್ಲಿ ರಾಣೆಬೆನ್ನೂರು ಕಡೆಯಿಂದ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೆಂಗಸರ ಗುಂಪೊಂದು ಬರುತ್ತಿತ್ತು. ನಾನು ಬ್ಯಾಗಿನಿಂದ ಕಡ್ಡಿ ತೆಗೆದ ದಿನ ಆ ಬೋಗಿಯಲ್ಲಿ ಆದ ನಗು ಇನ್ನೂ ಕಿವಿಯಲ್ಲಿದೆ. ಗಂಡಸರು ನೇರವಾಗಿ ನಗಲಿಲ್ಲ, ಕಿಟಕಿಯ ಕಡೆ ತಿರುಗಿ ನಕ್ಕರು. ಹೆಂಗಸರು ಎದುರಿಗೇ ಕೇಳಿದರು:

"ಯಾಕೋ ತಮ್ಮಾ, ನಿನ್ನ ಹೇಣ್ತಿ ಬಸರದಾಳೇನು?"

"ಇಲ್ಲವಾ. ನಂಗ ಹೆಣಕೊಳ್ಳಾಕತ್ತೇನಿ."

"ಬ್ಯಾಡಗ್ಯಾಗ ಸ್ವೆಟರ್ ಹಾಕ್ಕೊಂಡ ಏನ್ ಸಾಯ್ತೀಯೋ?"

ಕೇಳಿದವಳು ಆ ಗುಂಪಿನ ಹಿರಿಯಳು. ಅರವತ್ತರ ಹತ್ತಿರದ ವಯಸ್ಸು, ಮೆಣಸಿನಕಾಯಿಯ ಘಾಟಿಗೆ ಸದಾ ಮೂಗಿಗೆ ಸೆರಗು ಕಟ್ಟಿಕೊಂಡು ಅಭ್ಯಾಸ, ರೈಲಿನಲ್ಲೂ ಕಟ್ಟಿಕೊಂಡೇ ಇರುತ್ತಿದ್ದಳು. ಅವಳಿಗೆ ಕೋಲ್ಡ್ ಸ್ಟೋರೇಜಿನ ಕಥೆ ಹೇಳಿದೆ. ಡಾಕ್ಟರರು ಹೇಳಿದ್ದನ್ನೂ ಹೇಳಿದೆ. ಗುಟ್ಕಾದ ಮಾತು ಬಂದ ಮೇಲೆ ಅವಳು ನಗಲಿಲ್ಲ. ಅವಳ ಮಗನೂ ತಿನ್ನುತ್ತಿದ್ದನಂತೆ. "ಹೆಣಿ ತಮ್ಮಾ. ಯಾರ ನಕ್ಕರೂ ಹೆಣಿ," ಎಂದಳು. ಮಾರನೆಯ ದಿನದಿಂದ ನನಗೆ ಕಿಟಕಿಯ ಬದಿ ಬೆಳಕು ಬೀಳುವ ಜಾಗ ಹಿಡಿದಿಡುತ್ತಿದ್ದಳು.

ಆದರೆ ಚೌಕಳಿ ಬರಲಿಲ್ಲ. ಉದ್ದನೆಯ ಒಂದೊಂದು ಗೆರೆಗೂ ಒಂದೊಂದು ಉಂಡೆ ಬೇಕೆಂದು ತಿಳಿದಿದ್ದೆ. ಹಿಂಭಾಗದ ತುಂಡಿಗೆ ಹನ್ನೊಂದು ಸಣ್ಣ ಉಂಡೆ ಕಟ್ಟಿಕೊಂಡೆ. ಎರಡು ಸಾಲು ಹೆಣೆದರೆ ಹನ್ನೊಂದೂ ಒಂದಕ್ಕೊಂದು ಸುತ್ತಿಕೊಂಡು ಹಗ್ಗವಾಗುತ್ತಿದ್ದವು. ರೈಲು ಬ್ಯಾಡಗಿ ಮುಟ್ಟುವ ತನಕ ಬಿಡಿಸುವುದೇ ಕೆಲಸ. ಬಣ್ಣ ಬದಲಾಗುವಲ್ಲಿ ತೂತು ಬೀಳುತ್ತಿತ್ತು. ಒಂದು ಗೇಣು ಹೆಣೆದು ಬಿಚ್ಚಿದೆ. ಮತ್ತೆ ಹೆಣೆದು ಬಿಚ್ಚಿದೆ. ಮೂರನೆಯ ಸಲ ಬಿಚ್ಚುವಾಗ ಗೇಟಿನ ಹತ್ತಿರ ಒಬ್ಬನೇ ಇದ್ದೆ. ಕೈ ಖಾಲಿ ಜೇಬಿಗೆ ಹೋಗಿ ತಡಕಾಡಿತು. ಎದುರಿನ ಪಾನಂಗಡಿಯಲ್ಲಿ ಗುಟ್ಕಾದ ಸರಗಳು ತೋರಣದ ಹಾಗೆ ತೂಗುತ್ತಿದ್ದವು. ಹತ್ತು ಹೆಜ್ಜೆಯ ದೂರ. ಎದ್ದು ನಿಂತೆ. ಸುಳ್ಳು ಹೇಳುವುದಿಲ್ಲ, ನಾಲ್ಕು ಹೆಜ್ಜೆ ಹೋದೆ ಕೂಡ. ಆಮೇಲೆ ಕೈಯಲ್ಲಿ ಇನ್ನೂ ಕಡ್ಡಿ ಇರುವುದು ಕಂಡಿತು. ಕಡ್ಡಿ ಹಿಡಿದುಕೊಂಡು ಹೋಗಿ ಗುಟ್ಕಾ ಕೇಳುವುದು ನಾಚಿಕೆ ಅನಿಸಿತು. ತಿರುಗಿ ಬಂದು ಕುಳಿತು ಪೂರ್ತಿ ಬಿಚ್ಚಿದೆ.

ಮುಂದಿನ ರವಿವಾರ ಹನ್ನೊಂದು ಉಂಡೆ ಹೊತ್ತುಕೊಂಡು ಟಿಬೆಟಿಯನ್ ಅಕ್ಕನ ಹತ್ತಿರ ಹೋದೆ. ಚಳಿಗಾಲ ಮುಗಿಯುತ್ತ ಬಂದಿತ್ತು. ಉಳಿದ ಅಂಗಡಿಗಳು ಬಿದಿರು ಬಿಚ್ಚುತ್ತಿದ್ದವು, ಅವಳೂ ಮಾಲು ಮಡಚಿಡುತ್ತಿದ್ದಳು. ನನ್ನ ಗೋಜಲು ನೋಡಿ ತಲೆ ಹಿಡಿದುಕೊಂಡಳು.

"ಅಯ್ಯ ಅಣ್ಣಾ! ಉದ್ದನ್ನ ಗೆರಿ ಹೆಣಿಯೂದಲ್ಲ. ಆಮ್ಯಾಲ ಎಳಿಯೂದು. ಯಾಕ ಕೇಳಲಿಲ್ಲ?"

ಗಂಡನ ಸ್ವೆಟರ್ ತೆಗೆದು ಉಲ್ಟಾ ಮಾಡಿ ತೋರಿಸಿದಳು. ಹೆಣೆಯುವಾಗ ಅಡ್ಡಪಟ್ಟಿ ಮಾತ್ರ ಹೆಣೆಯಬೇಕು. ಉದ್ದ ಗೆರೆ ಬರಬೇಕಾದಲ್ಲಿ ಪ್ರತಿ ಸಾಲಿನಲ್ಲೂ ಒಂದು ಕುಣಿಕೆ ಉಲ್ಟಾ ಹಾಕುತ್ತ ಹೋದರೆ ಅಲ್ಲಿ ಕೆಳಗಿನಿಂದ ಮೇಲಿನ ತನಕ ಸಣ್ಣ ಹರಿ ಬೀಳುತ್ತದೆ, ನೇಗಿಲ ಸಾಲಿನ ಹಾಗೆ. ತುಂಡು ಪೂರ್ತಿಯಾದ ಮೇಲೆ ಕೊಕ್ಕೆಯ ಕಡ್ಡಿಯಿಂದ ಆ ಹರಿಯೊಳಗೆ ಬೇರೆ ಬಣ್ಣದ ಎಳೆಯನ್ನು ಸರಪಳಿಯಂತೆ ಮೇಲಕ್ಕೆ ಎಳೆಯುತ್ತ ಹೋಗಬೇಕು. ಅಂಗೈಯಷ್ಟು ತುಂಡು ಅಲ್ಲೇ ಹೆಣೆದು, ನನ್ನ ಕಣ್ಣೆದುರಿಗೇ ಅದರಲ್ಲಿ ಒಂದು ಹಳದಿ ಗೆರೆ ಎಳೆದಳು. ಅಡ್ಡಪಟ್ಟಿಗಳ ಮೇಲೆ ಅದು ಹಾಯ್ದು ಹೋದ ಕೂಡಲೇ ಚೌಕಳಿ ಎದ್ದು ಬಂತು.

ಎರಡು ತಿಂಗಳು ವ್ಯರ್ಥ ಮಾಡಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಅವಳು ಕೊಕ್ಕೆಯ ಕಡ್ಡಿ ನನಗೇ ಕೊಟ್ಟು, "ಬರೂ ವರ್ಷ ಬಂದಾಗ ತೋರಸ್ರಿ," ಎಂದು ಗಂಟು ಕಟ್ಟಿಕೊಂಡು ಹೋದಳು.

ಆಮೇಲೆ ಕೆಲಸ ಓಡಿತು. ಹಿಂಭಾಗ ಮುಗಿಯಿತು, ಮುಂಭಾಗ ಮುಗಿಯಿತು. ಎರಡನೆಯ ತೋಳು ಅರ್ಧಕ್ಕೆ ಬಂದಾಗ ಕೆಂಪು ತೀರಿತು. ಹಾವೇರಿಗೆ ಹೋಗಿ ಅದೇ ಅಂಗಡಿಯಲ್ಲಿ ಅದೇ ಕೆಂಪು ತಂದೆ. ಮಾರನೆಯ ದಿನ ರೈಲಿನಲ್ಲಿ ಹೆಣೆಯುತ್ತಿದ್ದರೆ ಹಿರಿಯಳು ಮೂಗಿನ ಸೆರಗು ಸರಿಸಿ ಬಗ್ಗಿದಳು.

"ತಮ್ಮಾ, ಇವೆರಡೂ ಒಂದ ಕೆಂಪಲ್ಲ."

"ಒಂದ ಅದಾವವ್ವಾ. ಒಂದ ಅಂಗಡಿದು."

"ಮೂವತ್ತ ವರ್ಷ ಕಾಯಿ ಆರಿಸಿದಾಕಿ ನಾ. ನಂಗ ಕೆಂಪು ಹೇಳ್ತೀಯೇನು? ಬಿಸಲಿಗೆ ಹಿಡಿ."

ಕಿಟಕಿಯ ಹೊರಗೆ ಹಿಡಿದೆ. ಹಳೆಯದರಲ್ಲಿ ಒಂಚೂರು ಕಪ್ಪು ಇತ್ತು, ಹೊಸದರಲ್ಲಿ ಒಂಚೂರು ಕಿತ್ತಳೆ. ಬಣ್ಣ ಹಾಕಿದ ಹಂಡೆ ಬೇರೆಯಾದರೆ ಹೀಗಾಗುತ್ತದೆಂದು ಆಮೇಲೆ ತಿಳಿಯಿತು. ಹಳೆಯ ಲಾಟು ಮತ್ತೆ ಸಿಗುವಂತಿರಲಿಲ್ಲ. ತೋಳಿನ ಮಧ್ಯಕ್ಕೆ ಸರಿಯಾಗಿ ಬಣ್ಣ ಮುರಿದಂತೆ ಕಾಣುತ್ತಿತ್ತು. ಕಡ್ಡಿ ಕೆಳಗಿಟ್ಟೆ. ಆಗ ಅವಳೇ ದಾರಿ ಹೇಳಿದಳು.

"ಎರಡು ನಮೂನಿ ಕಾಯಿ ಬಂದ್ರ ನಾವೇನ ಮಾಡತೇವಿ? ಒಂದ ಕಡೆ ಅದು, ಒಂದ ಕಡೆ ಇದು ಸುರವಂಗಿಲ್ಲ. ಬೆರಸ್ತೇವಿ. ನೀನೂ ಬೆರಸು. ಎರಡ ಸಾಲು ಅದು, ಎರಡ ಸಾಲು ಇದು."

ಎರಡೂ ತೋಳು ಬಿಚ್ಚಿದೆ. ಎರಡು ಸಾಲು ಹಳೆಯದು, ಎರಡು ಸಾಲು ಹೊಸದು, ಹೀಗೆ ಎರಡೂ ತೋಳು ಹೆಣೆದೆ. ಭೇದ ಎಲ್ಲಿದೆ ಎಂದು ಹುಡುಕಿದರೂ ಕಾಣಲಿಲ್ಲ. ತೋಳು ಮೈಗಿಂತ ತುಸು ಹೊಳಪಾಗಿ ಬಂತು, ಅದು ಬೇಕೆಂದೇ ಮಾಡಿದ ಹಾಗಿತ್ತು.

ಸ್ವೆಟರ್ ಮುಗಿದದ್ದು ಯುಗಾದಿಯ ಮುಂದಿನ ವಾರ. ಹೆಂಡತಿ ಭುಜದ ಹೊಲಿಗೆ ಹಾಕಿಕೊಟ್ಟಳು. ಬಿಸಿಲು ರಣರಣ ಹೊಡೆಯುತ್ತಿತ್ತು. ಚಳಿ ಬರುವ ತನಕ ಮಡಚಿ ಇಡೋಣವೇ ಎಂದು ಕೇಳಿದಳು.

"ನಮ್ಮ ಚೇಂಬರಿನ್ಯಾಗ ಬ್ಯಾಸಗಿ ಎಲ್ಲೈತಿ?" ಎಂದೆ.

ಬೇಕಾದರೆ ಚೀಲದಲ್ಲಿ ಒಯ್ದು ಬಾಗಿಲ ಹತ್ತಿರ ಹಾಕಿಕೊಳ್ಳಬಹುದಿತ್ತು. ಆದರೆ ನಾಲ್ಕು ತಿಂಗಳು ನಕ್ಕವರಿಗೆಲ್ಲ ತೋರಿಸಬೇಕಿತ್ತು. ಮನೆಯಿಂದಲೇ ಹಾಕಿಕೊಂಡು ಹೋದೆ. ಸ್ಟೇಷನ್ನಿಗೆ ಹೋಗುವಷ್ಟರಲ್ಲಿ ಬನಿಯನ್ ಬೆನ್ನಿಗೆ ಅಂಟಿತು. ರೈಲಿನ ಹೆಂಗಸರು ನನ್ನನ್ನು ನಿಲ್ಲಿಸಿ, ತಿರುಗಿಸಿ, ತೋಳು ಎಳೆದು, ಹಿಂದೆ ಮುಂದೆ ನೋಡಿದರು. ಹಿರಿಯಳು ನನ್ನ ಹಣೆಯ ಬೆವರು ನೋಡಿ, "ಸಾಕಿನ್ನ, ತೆಗಿ. ಸಾಯ್ತೀ," ಎಂದಳು. ತೆಗೆಯಲಿಲ್ಲ.

ಸ್ಟೋರೇಜಿನ ಮುಂದೆ ಚೀಲ ಇಳಿಸುವ ಹಮಾಲರಿಗೆ ಹಬ್ಬವಾಯಿತು. ಆಗ ಹಾವೇರಿ, ರಾಣೆಬೆನ್ನೂರುಗಳಲ್ಲಿ ಹೊಸ ಇಂಗ್ಲಿಷ್ ಶಾಲೆಗಳು ಸಾಲಾಗಿ ಎದ್ದಿದ್ದವು. ಎಲ್ಲ ಶಾಲೆಯ ಮಕ್ಕಳಿಗೂ ಇದೇ ನಮೂನೆಯ ಚೌಕಳಿ ಸ್ಕರ್ಟು, ಚೌಕಳಿ ಟೈ.

"ಏನ್ರೀ ಆಪರೇಟರ್, ಕಾನ್ವೆಂಟಿಗೆ ಹೆಸರು ಹಚ್ಚಿದ್ರೇನು?"

"ಶಾಲಿ ಬಸ್ಸು ಹ್ವಾತಲ್ರಿ, ಇಲ್ಲೇ ನಿಂತೀರಿ?"

ಕಾಕಾ ಮಾತ್ರ ಸ್ವೆಟರನ್ನು ಮೇಲಿಂದ ಕೆಳಗೆ ನೋಡಿದರು. ಮೊದಲ ಸುತ್ತಿಗೆ ನಾನು ಚೇಂಬರಿಗೆ ಹೋಗುವಾಗ ತಾವೂ ಹಿಂದೆ ಬಂದರು. ಬಾಗಿಲು ಮುಚ್ಚಿತು. ಬೆವರು ಒಂದು ಸಲ ಮಂಜುಗಡ್ಡೆಯಾಗಿ ಬೆನ್ನು ಹಿಡಿಯಿತು, ಆಮೇಲೆ ಉಲನ್ನು ನಿಧಾನವಾಗಿ ಬೆಚ್ಚಗಾಯಿತು. ಥರ್ಮಾಮೀಟರ್ ನೋಡಿದೆ, ಪೈಪ್ ನೋಡಿದೆ, ಅವಸರವಿಲ್ಲದೆ ಬರೆದುಕೊಂಡೆ. ಆ ಕೋಟಿನಲ್ಲಿ ಕೈ ಎತ್ತಲೂ ಆಗುತ್ತಿರಲಿಲ್ಲ, ಯಾವಾಗ ಹೊರಗೆ ಹೋದೇನು ಅನಿಸುತ್ತಿತ್ತು. ಕಾಕಾ ಆ ಕೋಟಿನಲ್ಲಿ ಮುದುಡಿಕೊಂಡು ನಿಂತಿದ್ದರು. ನನ್ನ ತೋಳನ್ನು ಎರಡು ಬೆರಳಿನಲ್ಲಿ ಹಿಡಿದು ತಿಕ್ಕಿ ನೋಡಿದರು.

"ಬೆಚ್ಚಗೈತೇನೋ?"

"ಐತಿ ಕಾಕಾ."

"ಹಂಗಾರ ಅವ್ರ ಏನರ ಅನ್ನಲಿ."

ಶಾಲೆಯ ಮಾತು ನನ್ನ ತಲೆಯಲ್ಲಿ ಕುಳಿತಿತ್ತು. ಮನೆತನ ತೋರಿಸುವ ಬಟ್ಟೆ ಶಾಲೆಯ ಮಕ್ಕಳ ಮೈಮೇಲೆ ಹೇಗೆ ಬಂತು? ರಾಣೆಬೆನ್ನೂರಿನ ಬಸ್ ಸ್ಟ್ಯಾಂಡ್ ಹತ್ತಿರ ಸೈಬರ್ ಸೆಂಟರ್ ಒಂದಿತ್ತು. ಅಲ್ಲಿ ಕುಳಿತಿದ್ದ ಹುಡುಗಿಗೆ ಟಾರ್ಟನ್ ಎಂದು ಹೇಳಿ ಹುಡುಕಿಸಿದೆ. ಅವಳೇ ಓದಿ ಕನ್ನಡದಲ್ಲಿ ಹೇಳಿದಳು. ಒಂದು ಕಾಲಕ್ಕೆ ಸ್ಕಾಟ್‌ಲೆಂಡಿನ ಗುಡ್ಡದ ಜನ ಬಂಡಾಯ ಎದ್ದು ಸೋತ ಮೇಲೆ, ಅಲ್ಲಿಯ ಗಂಡಸರು ಈ ಉಡುಗೆ ಉಡಬಾರದೆಂದು ಸರಕಾರ ಕಾಯ್ದೆ ಮಾಡಿತ್ತಂತೆ. ಆದರೆ ಪಲ್ಟನ್ನಿಗೆ ಸೇರಿದವರಿಗೆ ಮಾಫಿ. ಹೀಗೆ ಅದು ಸಿಪಾಯಿಗಳ ಬಟ್ಟೆಯಾಯಿತು. ಆಮೇಲೆ ಕಾಯ್ದೆ ಹೋಯಿತು, ಒಬ್ಬ ಅರಸ ಅದನ್ನೇ ಉಟ್ಟು ಮೆರೆದ, ಅರಸ ಉಟ್ಟನೆಂದು ಸಾಹುಕಾರರು ಉಟ್ಟರು. ಒಂದೊಂದು ಮನೆತನಕ್ಕೆ ಒಂದೊಂದು ಎಂಬ ಹಂಚಿಕೆಯಲ್ಲಿ ಬಹಳಷ್ಟು ಬಟ್ಟೆ ನೇಯುವವರು, ಮಾರುವವರು ಆಮೇಲೆ ಹುಟ್ಟಿಸಿದ್ದಂತೆ. ಅಲ್ಲಿಂದ ಶಾಲೆಗೆ ಬಂತು. ಅಲ್ಲಿಂದ ಶಾಲೆ, ಸರಕಾರ ಯಾವುದೂ ಬೇಡವೆಂದ ಹುಡುಗರು ಅದನ್ನೇ ಹರಿದು, ಪಿನ್ನು ಚುಚ್ಚಿ ಹಾಕಿಕೊಂಡರು. ಅಷ್ಟರಲ್ಲಿ ದೊಡ್ಡ ಅಂಗಡಿಗಳು ಆ ಹರಿದದ್ದನ್ನೂ ಹೊಲಿದು ಮಾರತೊಡಗಿದವು.

ಹುಡುಗಿ ಓದಿ ಮುಗಿಸಿ, "ಅಂಕಲ್, ಇದು ಹೋಗೂದು, ಬರೂದು, ಹೋಗೂದು, ಬರೂದು. ಈಗ ಮತ್ತ ಬಂದೈತಿ ನೋಡ್ರಿ," ಎಂದಳು. ಖರೆಯೇ ಇತ್ತು. ಆ ವರ್ಷ ಹಾವೇರಿಯ ರೆಡಿಮೇಡ್ ಅಂಗಡಿಗಳ ಮುಂದೆ ಗೊಂಬೆಗಳಿಗೆ ಚೌಕಳಿ ಶರ್ಟ್ ಹಾಕಿ ನಿಲ್ಲಿಸಿದ್ದರು. ಬೇಡವೆಂದು ಕಾಯ್ದೆ ಮಾಡಿದರೂ ಸಾಯದೆ ಬಂದ ಬಟ್ಟೆಯನ್ನು ಹಮಾಲರ ನಗೆಗೆ ಹೆದರಿ ನಾನು ತೆಗೆದಿಡುವುದೇ? ದಿನಾ ಹಾಕಿಕೊಂಡು ಹೋದೆ. ಒಂದು ತಿಂಗಳಿಗೆ ಅವರಿಗೆ ಬೇಸರ ಬಂತು. ನಮ್ಮ ಪಾಳಿಯಲ್ಲಿ ಆ ಕೋಟು ಕಾಕಾ ಒಬ್ಬರ ಪಾಲಾಯಿತು, ಅವರೇ ಒಗೆಸಿ ತಂದರು.

ಮಳೆಗಾಲ ಹಿಡಿದ ಮೇಲೆ ಡಾಕ್ಟರರ ಹತ್ತಿರ ಮತ್ತೆ ಹೋದೆ. ಬೆರಳು ಇಟ್ಟು ನೋಡಿಸಿದರು. ಎರಡೂವರೆ. ಬಿಗಿದ ಗಲ್ಲ ಪೂರ್ತಿ ಮೊದಲಿನಂತೆ ಆಗುವುದಿಲ್ಲ, ಆದರೆ ಮುಂದಕ್ಕೆ ಹೋಗದೆ ನಿಂತಿದೆ, ದಿನಾ ಬಾಯಿ ತೆರೆಯುವ ವ್ಯಾಯಾಮ ಬಿಡಬೇಡಿ ಎಂದರು. ಖಾರ ಈಗಲೂ ಸ್ವಲ್ಪ ಉರಿಯುತ್ತದೆ. ಚಟ್ನಿಗೆ ಎಣ್ಣೆ ಜಾಸ್ತಿ ಹಾಕಿಕೊಂಡು ತಿನ್ನುತ್ತೇನೆ. ಗುಟ್ಕಾ ಮತ್ತೆ ಮುಟ್ಟಲಿಲ್ಲ.

ಆ ವರ್ಷ ದೀಪಾವಳಿಯಾದ ಮೇಲೆ ಟಿಬೆಟಿಯನ್ ಅಕ್ಕ ರಾಣೆಬೆನ್ನೂರಿಗೆ ಬರಲಿಲ್ಲ. ಹಾವೇರಿಯಲ್ಲಿ ಅಂಗಡಿ ಹಾಕಿದ್ದಾಳೆಂದು ಉಳಿದವರು ಹೇಳಿದರು. ಒಂದು ರವಿವಾರ ಮಧ್ಯಾಹ್ನ ಸ್ವೆಟರ್ ಹಾಕಿಕೊಂಡು, ಹೆಂಡತಿಯ ಜೊತೆ ಬಸ್ಸು ಹಿಡಿದು ಹೋದೆ. ಅಕ್ಕ ದೂರದಿಂದಲೇ ನೋಡಿ ಎದ್ದು ನಿಂತಳು. ಮೊದಲು ತೆಗೆಯಿರಿ ಎಂದಳು. ತೆಗೆದುಕೊಟ್ಟೆ. ಅವಳು ಚೌಕಳಿ ನೋಡಲೇ ಇಲ್ಲ, ಉಲ್ಟಾ ಮಾಡಿ ಒಳಭಾಗ ನೋಡಿದಳು. ಗಂಟುಗಳ ಮೇಲೆ ಬೆರಳಾಡಿಸಿದಳು. ತೋಳಿನ ಕೆಂಪನ್ನು ನೋಡಿ, ಇದನ್ನು ಯಾರು ಹೇಳಿಕೊಟ್ಟರು ಎಂದಳು. ಹೇಳಿದೆ.

"ಚಲೋ ಆಗೈತಿ ಅಣ್ಣಾ. ಭಾಳ ಚಲೋ ಆಗೈತಿ," ಎಂದವಳು ಎಡಬಗಲಿನ ಹತ್ತಿರ ಬೆರಳು ನಿಲ್ಲಿಸಿದಳು. "ಇಲ್ಲೊಂದ ನೀಲಿ ಗೆರಿ ಎಲ್ಲಿ?"

ನೋಡಿದೆ. ಹಿಂಭಾಗದಲ್ಲಿ, ಬಗಲ ಹೊಲಿಗೆಗೆ ಸಮೀಪ, ಒಂದು ಹರಿ ಹಾಗೇ ಖಾಲಿ ಉಳಿದಿತ್ತು. ಏಳು ತಿಂಗಳು ಹಾಕಿಕೊಂಡಿದ್ದರೂ ನನಗೆ ಕಂಡಿರಲಿಲ್ಲ, ರೈಲಿನ ಹೆಂಗಸರಿಗೂ ಕಂಡಿರಲಿಲ್ಲ.

"ಕೈ ಕೆಳಗ ಐತಲ್ರಿ, ಯಾರಿಗೆ ಕಾಣತೈತಿ? ಬಿಡ್ರಿ," ಎಂದಳು ಹೆಂಡತಿ. "ಐದರ ಬಸ್ಸಿಗೆ ಹೋಗಬೇಕು."

"ನೀಲಿ ಉಲನ್ ಐತೇನ್ರಿ ಅಕ್ಕಾರ?" ಎಂದು ಕೇಳಿದೆ.

ಅಕ್ಕ ತನ್ನ ಬುಟ್ಟಿಯಿಂದ ಒಂದು ನೀಲಿ ಉಂಡೆ, ಕೊಕ್ಕೆಯ ಕಡ್ಡಿ ತೆಗೆದುಕೊಟ್ಟು, ಸ್ಟೂಲು ಸರಿಸಿದಳು. ಕುಳಿತೆ. ಕೆಳಗಿನ ಅಂಚಿನಿಂದ ಕೊಕ್ಕೆ ತೂರಿಸಿ ಮೊದಲ ಕುಣಿಕೆ ಎಳೆದೆ. ಗೆರೆ ಒಂದೇ ಆದರೂ ಅಂಚಿನಿಂದ ಬಗಲಿನ ತನಕ ನೂರರ ಮೇಲೆ ಕುಣಿಕೆ. ಹೆಂಡತಿ ಸ್ವಲ್ಪ ಹೊತ್ತು ಬಸ್ ಸ್ಟ್ಯಾಂಡಿನ ದಾರಿ ನೋಡಿದಳು. ಆಮೇಲೆ ಎದುರಿನ ಗಾಡಿಗೆ ಹೋಗಿ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದು, ಅಕ್ಕನ ಜೊತೆ ಪೆಟ್ಟಿಗೆಯ ಮೇಲೆ ಕುಳಿತು ತಿನ್ನತೊಡಗಿದಳು. ಐದರ ಬಸ್ಸು ಹೋಯಿತು. ನಾನು ಆರಕ್ಕೆ ಮುಗಿಸಿ, ಎಳೆ ಕತ್ತರಿಸಿ, ತುದಿಯನ್ನು ಒಳಗೆ ಸೇರಿಸಿದೆ.